ಜೇಬಿನ ಕ್ಯಾಮರಾ

ಕೊಳ್ಳುವ ವಸ್ತುವಿನ ಬೆಲೆ ಏರಿದಷ್ಟೂ ಕೊಳ್ಳುವವನ ವಿವೇಕವೂ ಏರಬೇಕೆಂಬುದು ನ್ಯಾಯ. ಆದರೆ ಲೋಕದಲ್ಲಿ ಕಾಣುವುದು ಬಹುಮಟ್ಟಿಗೆ ಇದಕ್ಕೆ ವಿಪರೀತವಾಗಿದೆ. ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುವಿ, ತೊಟ್ಟಿನ ಬುಡದಲ್ಲಿ ಹುಳು ಕೊರೆದಿದೆಯೇ ಎಂದು ಪರೀಕ್ಷಿಸುವ ಗೃಹಸ್ಥನೇ, ಅರವತ್ತು ಎಪ್ಪತ್ತು ಸಾವಿರ ರೂಪಾಯಿಯ ಯಂತ್ರವೊಂದನ್ನು ಅದರ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನಷ್ಟೇ ಓದಿ ಮನೆಗೆ ತರುತ್ತಾನೆ. ಅದರಲ್ಲಿಯೂ ಆ ಯಂತ್ರವು ಹೊಟ್ಟೆಪಾಡಿಗಲ್ಲದೆ ಹವ್ಯಾಸಕ್ಕೆ ಸಂಬಂಧಿಸಿದ್ದಾದರೆ ವಿಚಾರಕ್ಕೆ ಎಡೆಯೇ ಇಲ್ಲ. ಬೇಕು ಎಂಬ ತೀರ್ಪನ್ನು ಮನಸ್ಸು ಮೊದಲೇ ಕೊಟ್ಟುಬಿಟ್ಟಿರುತ್ತದೆ. ಬುದ್ಧಿಗೆ ಉಳಿಯುವ ಕೆಲಸ ಆ ತೀರ್ಪಿಗೆ ಕಾರಣಗಳನ್ನು ಬರೆದುಕೊಡುವುದು ಮಾತ್ರ.

ಇಂಥ ವಸ್ತುಗಳ ಪೈಕಿ ಗಾತ್ರದಲ್ಲಿ ಕಿರಿದಾಗಿ ಬೆಲೆಯಲ್ಲಿ ಹಿರಿದಾಗಿರುವ ಡಿಜಿಟಲ್ ಕ್ಯಾಮರಾ ಒಂದು. ಇದರ ಗುಣದೋಷಗಳನ್ನು, ಹವ್ಯಾಸಕ್ಕಾಗಿ ಛಾಯಾಚಿತ್ರ ತೆಗೆಯುವ ಸಂಸಾರಿಗಳ ದೃಷ್ಟಿಯಿಂದ, ಸಾವಕಾಶವಾಗಿ ವಿಚಾರಮಾಡಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಮೊಬೈಲ್ ಫೋನೊಂದು ಪ್ರತಿಯೊಬ್ಬರ ಕೈಯಲ್ಲಿಯೂ ಇರುವ ಈ ಕಾಲದಲ್ಲಿ ಕ್ಯಾಮರಾ ಎಂಬ ಪ್ರತ್ಯೇಕ ವಸ್ತುವೇ ಏತಕ್ಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಲೋಕವೂ ಅದನ್ನು ಕೇಳಿ ತನ್ನ ಉತ್ತರವನ್ನು ಕೊಟ್ಟಾಗಿದೆ. ಕ್ಯಾಮರಾ ತಯಾರಕರ ಸಂಘವಾದ ಜಪಾನಿನ ಸೀಪಾ ಪ್ರಕಟಿಸಿರುವ ಲೆಕ್ಕದಂತೆ, ಮಸೂರವು ಒಡಲಿಗೇ ಕೂಡಿಕೊಂಡಿರುವ ಸಣ್ಣ ಡಿಜಿಟಲ್ ಕ್ಯಾಮರಾಗಳು 2010ರಲ್ಲಿ 10 ಕೋಟಿಗೂ ಮಿಕ್ಕಿ ಕಾರ್ಖಾನೆಗಳಿಂದ ಹೊರಬಿದ್ದುವು. 2023ರಲ್ಲಿ ಹೊರಬಿದ್ದವು 17 ಲಕ್ಷದ ಆಸುಪಾಸು. ಹದಿಮೂರು ವರ್ಷಗಳಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಅಳಿದುಹೋದ ಈ ಸಂತತಿಯಲ್ಲಿ ಉಳಿದುಕೊಂಡದ್ದು ಅಗ್ಗದ ಮಾಲಲ್ಲ. ಅಗ್ಗದ್ದನ್ನೆಲ್ಲ ಫೋನು ನುಂಗಿತು. ಫೋನಿಗೆ ಅರಗದೆ ಉಳಿದವು ಬೆಲೆಯುಳ್ಳವು ಮಾತ್ರ. ಆದಕಾರಣ, ಅದು ಅರಗಿಸಿಕೊಳ್ಳಲಾರದೆ ಬಿಟ್ಟದ್ದು ಏನು ಎಂಬುದೇ ನಾವು ವಿಚಾರಿಸಬೇಕಾದ ವಿಷಯವಾಗಿದೆ.

ಮೊದಲು ಈ ಯಂತ್ರಗಳ ಬೆಲೆಯ ಗುಟ್ಟನ್ನು ಹೇಳಿಬಿಡುತ್ತೇನೆ. ಡಿಜಿಟಲ್ ಕ್ಯಾಮರಾದ ಹೃದಯವೆಂದರೆ ಮಸೂರದ ಹಿಂದೆ ಕುಳಿತು ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕ. ಹಿಂದೆ ಮದುವೆಮನೆಗಳಲ್ಲಿ ಎಲ್ಲರ ಕೈಯಲ್ಲಿಯೂ ಮಿನುಗುತ್ತಿದ್ದ ಬೆಳ್ಳಿಬಣ್ಣದ ಅಗ್ಗದ ಕ್ಯಾಮರಾಗಳಲ್ಲಿ ಈ ಫಲಕವು ಸುಮಾರು 6.2 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಅಗಲವಿರುತ್ತಿತ್ತು. ಎಂದರೆ ಒಂದು ತೊಗರಿಬೇಳೆಯಷ್ಟು. ಸೋನಿ ಕಂಪನಿಯವರು 2012ರಲ್ಲಿ ಆರ್.ಎಕ್ಸ್. 100 ಎಂಬ ಜೇಬಿನ ಕ್ಯಾಮರಾದಲ್ಲಿ 13.2 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲದ ಫಲಕವನ್ನಿಟ್ಟರು. ಅದರ ಮಾರನೆಯ ವರ್ಷ ರಿಕೋ ಕಂಪನಿಯವರು ತಮ್ಮ ಜಿ.ಆರ್. ಕ್ಯಾಮರಾದಲ್ಲಿ, ದೊಡ್ಡ ಕ್ಯಾಮರಾಗಳಲ್ಲಿ ಇರತಕ್ಕ ಎ.ಪಿ.ಎಸ್.-ಸಿ ಎಂಬ ಅಳತೆಯ, ಸಣ್ಣ ಅಂಚೆಚೀಟಿಯಷ್ಟು ದೊಡ್ಡದಾದ ಫಲಕವನ್ನೇ ಕೂರಿಸಿದರು. ವಿಸ್ತೀರ್ಣವನ್ನು ಲೆಕ್ಕಹಾಕಿದರೆ ಇದು ಬೇಳೆಯ ಹದಿಮೂರರಷ್ಟಾಗುತ್ತದೆ. ಮಳೆಯ ನೀರನ್ನು ಹಿಡಿಯಲು ಚೊಂಬಿಗಿಂತ ಕೊಪ್ಪರಿಗೆ ಮೇಲಲ್ಲವೇ? ಬೆಳಕಿನ ಸಂಗ್ರಹವೂ ಹಾಗೆಯೇ. ಬೆಳಕು ಧಾರಾಳವಾಗಿರುವ ಬಯಲಿನಲ್ಲಿ ಎರಡು ಪಾತ್ರೆಗಳೂ ತುಂಬಿಯಾವು. ಬೆಳಕು ಹನಿಹನಿಯಾಗಿ ತೊಟ್ಟಿಕ್ಕುವ ಕಡೆಯಲ್ಲಿಯೇ ಪಾತ್ರೆಯ ಬಾಯ ಅಗಲವು ಉಪಯೋಗಕ್ಕೆ ಬರುವುದು. ದೊಡ್ಡ ಫಲಕವನ್ನೂ ಅದಕ್ಕೆ ತಕ್ಕ ಮಸೂರವನ್ನೂ ಅಂಗಿಯ ಜೇಬಿನಲ್ಲಿ ಅಡಗಿಸುವ ಚಾತುರ್ಯಕ್ಕೆ ನಾವು ಹಣ ಕೊಡುತ್ತೇವೆ.

ನಾನು ವಿವರವಾಗಿ ಬಲ್ಲದ್ದು ಈ ವಂಶದ ಮೂರನೆಯ ತಲೆಮಾರಾದ ಜಿ.ಆರ್. 3 ಎಂಬ ಕ್ಯಾಮರಾವನ್ನು. ಇದರ ಮೂಲಪುರುಷನು 1996ರಲ್ಲಿ ಹುಟ್ಟಿದ ಜಿ.ಆರ್. 1 ಎಂಬ ಫಿಲ್ಮ್ ಕ್ಯಾಮರಾ. ಜಪಾನಿನ ಪ್ರಸಿದ್ಧ ಛಾಯಾಗ್ರಾಹಕ ಡೈಡೊ ಮೊರಿಯಾಮ ಅವರು ಬೀದಿಯ ಚಿತ್ರಗಳಿಗೆ ಈ ವಂಶದ ಕ್ಯಾಮರಾಗಳನ್ನು ಬಳಸಿ ಇವಕ್ಕೆ ಕೀರ್ತಿ ತಂದರು. ಜಿ.ಆರ್. 3 ಹೊರಬಂದದ್ದು 2019ರಲ್ಲಿ. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 900 ಡಾಲರ್, ಎಂದರೆ ಅಂದಿನ ವಿನಿಮಯದಲ್ಲಿ 60,000 ರೂಪಾಯಿಗಳಿಗೂ ಮೇಲೆ. 2025ರಲ್ಲಿ ನಾಲ್ಕನೆಯದು ಬಂದು ಇದನ್ನು ಹಿರಿಯರ ಸಾಲಿಗೆ ಸೇರಿಸಿದೆ. ಆದರೂ ವಂಶದ ಲಕ್ಷಣಗಳು ಬದಲಾಗಿಲ್ಲವಾದ್ದರಿಂದ ಇದನ್ನು ಕುರಿತ ಮಾತು ತಮ್ಮನಿಗೂ ಬಹುಮಟ್ಟಿಗೆ ಸಲ್ಲುತ್ತದೆ. ನನ್ನ ತಂಗಿಯ ಮಗನು ಇದನ್ನು ಕೊಂಡವನು, ಉದ್ಯೋಗದ ನಿಮಿತ್ತ ಹೊರದೇಶಕ್ಕೆ ಹೋಗುವಾಗ, "ಸುಮ್ಮನೆ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಮಾವ, ದಿನಾ ಉಪಯೋಗಿಸುತ್ತಿರಿ" ಎಂದು ನನ್ನ ವಶಕ್ಕೆ ಒಪ್ಪಿಸಿದನು. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ನಾನು ಅವನ ಮಾತನ್ನು ನಡೆಸಿದ್ದೇನೆ. ನನ್ನ ಹಣ ಅದರಲ್ಲಿ ಸಿಕ್ಕಿಕೊಂಡಿಲ್ಲದ ಕಾರಣ ಅದನ್ನು ಹೊಗಳಲೇಬೇಕೆಂಬ ನಿರ್ಬಂಧವೂ ನನಗಿಲ್ಲ.

ಕಾವ್ಯವಿಮರ್ಶೆಯಲ್ಲಿ ಗುಣ, ದೋಷ ಎಂದು ಎಣಿಸುವ ಪದ್ಧತಿ ನಮ್ಮಲ್ಲಿ ಬಹು ಹಿಂದಿನದು. ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಈ ಎರಡಕ್ಕೂ ಮೇಲೆ ಔಚಿತ್ಯವೆಂಬುದನ್ನು ಇಟ್ಟನು. ಸೊಂಟದ ಡಾಬನ್ನು ಕೊರಳಿಗೂ ಕೊರಳಿನ ಹಾರವನ್ನು ಸೊಂಟಕ್ಕೂ ತೊಟ್ಟರೆ ಒಡವೆ ಚಿನ್ನದ್ದಾದರೂ ನೋಡಿದವರು ನಗುತ್ತಾರೆ ಎಂಬುದು ಅವನ ಅಭಿಪ್ರಾಯ. ಯಂತ್ರಗಳ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ. ಎಲ್ಲಿ, ಯಾರಿಗೆ, ಯಾತಕ್ಕೆ ಎಂಬುದನ್ನು ಬಿಟ್ಟು ಕ್ಯಾಮರಾವೊಂದನ್ನು ಒಳ್ಳೆಯದು ಅಥವಾ ಕೆಟ್ಟದ್ದು ಎನ್ನುವುದು ವ್ಯರ್ಥ.

ಗುಣಗಳನ್ನು ಮೊದಲು ಹೇಳುತ್ತೇನೆ. ಬ್ಯಾಟರಿ ಮತ್ತು ಕಾರ್ಡು ಸೇರಿ ಇದರ ತೂಕ 257 ಗ್ರಾಂ. ಉದ್ದ ಹನ್ನೊಂದು ಸೆಂಟಿಮೀಟರಿಗೆ ತುಸು ಕಡಮೆ, ದಪ್ಪ ಮೂರು ಸೆಂಟಿಮೀಟರಿಗೆ ತುಸು ಹೆಚ್ಚು. ಬಣ್ಣ ಕಪ್ಪು; ಥಳಕಿಲ್ಲ. ಗುಂಡಿಯನ್ನು ಒತ್ತಿದರೆ ಒಂದು ಸೆಕೆಂಡು ತುಂಬುವುದರೊಳಗಾಗಿ ಮಸೂರವು ಹೊರಕ್ಕೆ ಬಂದು ಸಿದ್ಧವಾಗುತ್ತದೆ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಎಲ್ಲ ಕೀಲುಗಳನ್ನೂ ಮುಟ್ಟುವಂತೆ ಜೋಡಿಸಿದ್ದಾರೆ; ಎಡಗೈಯಲ್ಲಿ ಕೊಡೆ ಹಿಡಿದು ಚಿತ್ರ ತೆಗೆಯಬಹುದು. ಮಲೆನಾಡಿನ ಅಂಚಿನಲ್ಲಿ ಬಾಳುವ ನಮಗೆ ಇದು ಅಲ್ಪ ಗುಣವಲ್ಲ. ನನ್ನಲ್ಲಿ ದೊಡ್ಡ ಕ್ಯಾಮರಾವೊಂದು ಹಿಂದಿನಿಂದಲೂ ಇದೆ. ಅದನ್ನು ಹೊರಗೆ ತೆಗೆಯಬೇಕಾದರೆ ಹಬ್ಬವೋ ಯಾತ್ರೆಯೋ ಬರಬೇಕು. ಅದನ್ನು ಕೊರಳಿಗೆ ಹಾಕಿಕೊಂಡು ಹಾಲು ತರಲು ಹೋದರೆ ಬೀದಿಯವರು ನಿಂತು ನೋಡುತ್ತಾರೆ. ಈ ಪುಟ್ಟ ಯಂತ್ರವಾದರೋ ತರಕಾರಿಯ ಚೀಲ, ಕನ್ನಡಕದ ಡಬ್ಬಿಗಳ ಜೊತೆಯಲ್ಲಿ ಸದ್ದಿಲ್ಲದೆ ಬರುತ್ತದೆ. ವರ್ಷದಲ್ಲಿ ನಾನು ತೆಗೆದ ಚಿತ್ರಗಳಲ್ಲಿ ಇಟ್ಟುಕೊಳ್ಳಲು ಯೋಗ್ಯವಾದವು ಬಹುಪಾಲು ಇಂಥ ನಿಷ್ಪ್ರಯೋಜಕವಾದ ಓಡಾಟಗಳಲ್ಲಿ ಸಿಕ್ಕಿದವು: ಕೆರೆಯ ಏರಿಯ ಮೇಲೆ ಹೊದಿಕೆ ಹೊದ್ದು ನಿಂತ ದನಗಾಹಿ, ಶಾಲೆಯ ಗೋಡೆಗೆ ಒರಗಿಸಿದ ಇಪ್ಪತ್ತು ಸೈಕಲ್ಲುಗಳು, ಮಳೆಗೆ ಹೆದರಿ ಒಂದೇ ಸೂರಿನ ಕೆಳಗೆ ಸೇರಿದ ವಕೀಲರೂ ಕಕ್ಷಿಗಾರರೂ.

ಎರಡನೆಯದು, ಇದರ ಮಸೂರ. ಅದು ಹಿಂದು ಮುಂದಕ್ಕೆ ಸರಿದು ದೂರದ್ದನ್ನು ಹತ್ತಿರಕ್ಕೆ ತರುವಂಥದಲ್ಲ. 18.3 ಮಿಲಿಮೀಟರಿನ ಒಂದೇ ನಾಭಿದೂರ. ಹಳೆಯ 35 ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ 28 ಮಿಲಿಮೀಟರಿಗೆ ಸಮ. ಸಾಮಾನ್ಯವಾದ ಫೋನಿನ ಮುಖ್ಯ ಕ್ಯಾಮರಾ ನೋಡುವಷ್ಟೇ ಅಗಲವಾದ ನೋಟ ಎಂದುಕೊಳ್ಳಬಹುದು. ಬೆಳಕಿನ ಕಂಡಿಯ ಗರಿಷ್ಠ ಅಗಲ ಎಫ್ 2.8. ಜೂಮ್ ಇಲ್ಲವೆಂಬುದನ್ನು ಕೆಲವರು ದೋಷಗಳಲ್ಲಿ ಎಣಿಸುತ್ತಾರೆ. ನಾನು ಅದನ್ನು ಶಿಸ್ತಿನಲ್ಲಿ ಎಣಿಸುತ್ತೇನೆ. ಹತ್ತಿರದ ಚಿತ್ರ ಬೇಕಾದರೆ ಹತ್ತಿರಕ್ಕೆ ನಡೆದುಹೋಗಬೇಕು. ಹತ್ತಿರಕ್ಕೆ ಹೋದರೆ ಮಾತನಾಡಿಸಬೇಕು. ಮಾತನಾಡಿಸಿದ ಮೇಲೆ ಚಿತ್ರ ಬೇರೆಯಾಗುತ್ತದೆ. ಅದೇ ದನಗಾಹಿಯನ್ನು ದೂರದಿಂದ ಸೆಳೆದು ತೆಗೆದಿದ್ದರೆ ಆತನ ಹೆಸರು ನನಗೆ ತಿಳಿಯುತ್ತಿರಲಿಲ್ಲ, ಆತನಿಗೆ ಒಂದು ಪ್ರತಿಯನ್ನು ಅಚ್ಚುಹಾಕಿಸಿ ಕೊಡಬೇಕೆಂದು ನನಗೆ ತೋರುತ್ತಲೂ ಇರಲಿಲ್ಲ.

ಇದರ ಇನ್ನೊಂದು ಸೌಕರ್ಯವು ಬಳಸಿದವರಿಗೇ ಗೊತ್ತು. ಕಂಡಿಯನ್ನು ಎಫ್ 8ಕ್ಕೆ ಕಿರಿದುಮಾಡಿ, ದೂರವನ್ನು ಎರಡೂವರೆ ಮೀಟರಿಗೆ ಮೊದಲೇ ನಿಲ್ಲಿಸಿಟ್ಟರೆ, ಒಂದು ಮೀಟರಿಗಿಂತ ಸ್ವಲ್ಪ ಆಚೆಯಿಂದ ದಿಗಂತದವರೆಗೂ ಸಕಲವೂ ಸ್ಫುಟವಾಗಿ ಮೂಡುತ್ತದೆ. ಆಮೇಲೆ ಯಂತ್ರವು ಯಾವುದನ್ನು ನೋಡಬೇಕೆಂದು ತಡಕಾಡುತ್ತ ಕೂರುವುದಿಲ್ಲ. ಒತ್ತಿದ ಕ್ಷಣವೇ ಚಿತ್ರ. ರಥೋತ್ಸವದ ನೂಕುನುಗ್ಗಲಿನಲ್ಲಿ, ಮಿಣಿಯನ್ನು ಹಿಡಿದ ಕೈಗಳು ಒಮ್ಮೆಲೇ ಬಿಗಿಯುವ ಆ ಒಂದು ಕ್ಷಣವನ್ನು ಹಿಡಿಯಲು ಇದಕ್ಕಿಂತ ಸರಳವಾದ ಉಪಾಯವಿಲ್ಲ.

ಮೂರನೆಯ ಗುಣವನ್ನೂ ಮೊದಲನೆಯ ದೋಷವನ್ನೂ ಒಂದೇ ಸ್ಥಳದಲ್ಲಿ ತೋರಿಸಬಲ್ಲೆ. ಆ ಸ್ಥಳವು ಬೇಲೂರು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಹಗಲು ಹನ್ನೆರಡು ಗಂಟೆಗೂ ಮಬ್ಬು ಕವಿದಿರುತ್ತದೆ. ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು ತಿರುಗಣೆಯಲ್ಲಿ ಕಡೆದ ಕಂಬಗಳ ಅಂಚನ್ನು ಒಂದು ಗೆರೆಯಷ್ಟು ಮಾತ್ರ ಸವರಿ ಹೋಗುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಮುಕ್ಕಾಲಿಯನ್ನು ಊರುವಂತಿಲ್ಲ. ಬರಿಗೈಯಲ್ಲಿ ಹಿಡಿದ ಕ್ಯಾಮರಾ ಅಲುಗಿ ಚಿತ್ರ ಕೆಡದಿರಬೇಕಾದರೆ, 28 ಮಿಲಿಮೀಟರಿನ ನೋಟಕ್ಕೆ ಸೆಕೆಂಡಿನ ಮೂವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಕಾಲ ಶಟರನ್ನು ತೆರೆದಿಡಬಾರದೆಂಬುದು ಹಳಬರ ನಿಯಮ. ಈ ಯಂತ್ರದಲ್ಲಿ ಕೈಯ ನಡುಕಕ್ಕೆ ಎದುರಾಗಿ ಸೆನ್ಸರೇ ಸರಿದಾಡಿ ಸಮತೋಲ ಮಾಡಿಕೊಳ್ಳುವ ಏರ್ಪಾಡಿದೆ. ಆದಕಾರಣ ಉಸಿರನ್ನು ಬಿಗಿಹಿಡಿದು, ಎಂಟರಲ್ಲೊಂದು ಭಾಗದಷ್ಟು ಕಾಲ ತೆರೆದಿಟ್ಟರೂ ನರಸಿಂಹಸ್ತಂಭದ ಕಿರುಮೂರ್ತಿಗಳು ಕಲೆಸಿಹೋಗಲಿಲ್ಲ. ಕತ್ತಲೆಯೂ ಕತ್ತಲೆಯಾಗಿಯೇ ಉಳಿಯಿತು.

ಅದೇ ಗುಡಿಯ ಹೊರಕ್ಕೆ ಬಂದು ತಲೆಯೆತ್ತಿದರೆ, ಸೂರಿನ ಕೆಳಗೆ ಮದನಿಕೆಯರು ನಿಂತಿದ್ದಾರೆ. ಅಲ್ಲಿ ಈ ಯಂತ್ರದ ಆಟ ನಡೆಯದು. ನಾವು ನಡೆದು ಹತ್ತಿರವಾಗೋಣವೆಂದರೆ ಗೋಡೆಯನ್ನೇರಬೇಕಾಗುತ್ತದೆ. ದೊಡ್ಡ ಚಿತ್ರದ ನಡುಭಾಗವನ್ನು ಮಾತ್ರ ಕತ್ತರಿಸಿ 50 ಮಿಲಿಮೀಟರಿನ ನೋಟದಂತೆ ಕೊಡುವ ಅನುಕೂಲವೊಂದು ಒಳಗಿದೆ. ಆದರೆ ಅದರಿಂದ 24 ಮೆಗಾಪಿಕ್ಸೆಲ್ಲಿನ ಚಿತ್ರವು 7ಕ್ಕೆ ಇಳಿಯುತ್ತದೆ, ಮದನಿಕೆಯಾದರೂ ಇನ್ನೂ ದೂರದಲ್ಲಿಯೇ ಇರುತ್ತಾಳೆ. ನಮ್ಮ ನಾಡಿನ ಹವ್ಯಾಸಿಗಳಲ್ಲಿ ಬಹುಮಂದಿ ಟಿ. ಎನ್. ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಮೊದಲಾದವರ ದಾರಿಯಲ್ಲಿ ಹಕ್ಕಿ, ಪ್ರಾಣಿಗಳ ಬೆನ್ನು ಹತ್ತಿದವರು. ಅಂಥವರಿಗೆ ಇದು ಕೊರಳಿಗೆ ಕಟ್ಟಿದ ಡಾಬಿನಂತೆಯೇ ಸರಿ.

ಉಳಿದ ದೋಷಗಳನ್ನು ಬೇಗನೆ ಎಣಿಸಿಬಿಡಬಹುದು. ಕಣ್ಣಿಟ್ಟು ನೋಡುವ ಕಿಂಡಿ ಇದಕ್ಕಿಲ್ಲ. ಎಲ್ಲವನ್ನೂ ಹಿಂಬದಿಯ ಪರದೆಯಲ್ಲಿಯೇ ನೋಡಬೇಕು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದು ಕನ್ನಡಿಯಂತೆ ನಮ್ಮ ಮುಖವನ್ನೇ ತೋರುತ್ತದೆ. ಫ್ಲ್ಯಾಷ್ ದೀಪವಿಲ್ಲ. ತಯಾರಕರ ಮಾತಿನಂತೆಯೇ ಒಂದು ಬ್ಯಾಟರಿಗೆ ಸುಮಾರು 200 ಚಿತ್ರಗಳು. ಮದುವೆಗೆ ಹೋಗುವವರು ಇನ್ನೆರಡನ್ನು ಜೇಬಿನಲ್ಲಿಟ್ಟುಕೊಳ್ಳುವುದು ಮೇಲು. ಮಳೆನೀರನ್ನು ತಡೆಯುವ ಬಂದೋಬಸ್ತಿಲ್ಲ. ಒಳಕ್ಕೂ ಹೊರಕ್ಕೂ ಸರಿದಾಡುವ ಮಸೂರವುಳ್ಳ ಯಾವ ಕ್ಯಾಮರಾವಾದರೂ ತಿದಿಯಂತೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯೊಡನೆ ಧೂಳನ್ನೂ ಎಳೆದುಕೊಳ್ಳಬಹುದು. ಮಸೂರವನ್ನು ಕಳಚಲು ಬಾರದ ಕಾರಣ ಸೆನ್ಸರಿನ ಮೇಲೆ ಕೂತ ಕಣವನ್ನು ಮನೆಯಲ್ಲಿ ಒರೆಸಿ ತೆಗೆಯುವಂತಿಲ್ಲ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹತ್ತದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಬೇಕು. ಎಳೆಮಗುವಿನಷ್ಟಲ್ಲದಿದ್ದರೂ ವೀಣೆಯಷ್ಟು ಉಪಚಾರವನ್ನಾದರೂ ಇದು ಬೇಡುತ್ತದೆ.

ಇಷ್ಟೆಲ್ಲ ಗುಣದೋಷಗಳನ್ನು ತೂಗಿದರೂ ಮೊದಲಿನ ಪ್ರಶ್ನೆಗೆ ಉತ್ತರ ಬಂದಂತಾಗಲಿಲ್ಲ. ಹಗುರವಾದ, ಸದಾ ಹತ್ತಿರವಿರುವ, ಅಗಲವಾಗಿ ನೋಡುವ ಕ್ಯಾಮರಾ ಫೋನಿನಲ್ಲಿಯೂ ಇದೆ. ಕತ್ತಲೆಯಲ್ಲಿಯೂ ಅದು ಚಿತ್ರ ತೆಗೆಯುತ್ತದೆ. ಮದನಿಕೆಯನ್ನು ಹತ್ತಿರಕ್ಕೆ ತರುವ ಫೋನುಗಳೂ ಇವೆ. ಅದು ಅರಗಿಸಿಕೊಳ್ಳಲಾರದೆ ಬಿಟ್ಟದ್ದು ಏನು? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ನಮ್ಮ ಸೋದರತ್ತೆಯವರಿಂದ.

ಅವರಿಗೆ ಎಂಬತ್ತನಾಲ್ಕು ವರ್ಷ. ಹಳೆಯ ಮನೆಯ ನಡುಮನೆಯಲ್ಲಿ, ತೊಟ್ಟಿಯ ಕಡೆಗಿರುವ ಕಿಟಕಿಯ ಬಳಿ ಕುಳಿತು ಕಾರ್ತಿಕಕ್ಕೆ ಹೂಬತ್ತಿಗಳನ್ನು ಹೊಸೆಯುತ್ತಿದ್ದರು. ಸಂಜೆಯಾಗಿತ್ತು, ಕಿಟಕಿಯ ಬೆಳಕು ಅವರ ಬಲಗೆನ್ನೆಯ ಮೇಲೂ ಕೈಗಳ ಮೇಲೂ ಬಿದ್ದು, ಉಳಿದ ಮನೆಯೆಲ್ಲ ಮಸಕಾಗಿತ್ತು. ಫೋನಿನಲ್ಲಿ ಒಂದು, ಈ ಕ್ಯಾಮರಾದಲ್ಲಿ ಒಂದು, ಎರಡು ಚಿತ್ರಗಳನ್ನು ತೆಗೆದೆ. ಪೇಟೆಯ ಸ್ಟುಡಿಯೋದಲ್ಲಿ ಎರಡನ್ನೂ ಒಂದೇ ಅಳತೆಯಲ್ಲಿ ಅಚ್ಚುಹಾಕಿಸಿ ಅವರ ಮುಂದಿಟ್ಟೆ. ಫೋನಿನ ಚಿತ್ರದಲ್ಲಿ ಸಂಜೆಯು ಮಧ್ಯಾಹ್ನವಾಗಿತ್ತು. ಹಿಂದಿನ ಗೋಡೆಯ ಗೂಡು, ಅದರೊಳಗಿನ ಎಣ್ಣೆಯ ಗಿಂಡಿ, ಎಲ್ಲವೂ ಬೆಳ್ಳಗೆ ಕಾಣುತ್ತಿದ್ದುವು. ಅತ್ತೆಯ ಕೆನ್ನೆಯು ನುಣ್ಣಗಾಗಿತ್ತು. ಅವರು ಕನ್ನಡಕವನ್ನೇರಿಸಿ ನೋಡಿ, "ಇವಳಾರೋ ಪಟ್ಟಣದವಳು, ಅಪ್ಪಾ. ಇವಳಿಗೆ ಬತ್ತಿ ಹೊಸೆಯಲು ಬರುವ ಹಾಗೆ ತೋರುವುದಿಲ್ಲ" ಎಂದರು. ಎರಡನೆಯ ಚಿತ್ರವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. "ಕೈ ನನ್ನದೇ" ಎಂದರು. ಸ್ವಲ್ಪ ತಡೆದು, "ಇಷ್ಟು ಮುದುಕಿಯಾಗಿದ್ದೇನೆಯೇ!" ಎಂದರು. ಪಕ್ಕದಲ್ಲಿದ್ದ ಮೊಮ್ಮಗಳು ಮೊದಲನೆಯದೇ ಚೆನ್ನಾಗಿದೆ, ಅದನ್ನೇ ಕಟ್ಟುಹಾಕಿಸಿ ಎಂದು ಹಟಹಿಡಿದಳು. ಅತ್ತೆಯವರು ಎರಡನೆಯದನ್ನು ನನ್ನ ಕೈಗೆ ಕೊಟ್ಟು, "ಅದು ಅವಳಿಗಿರಲಿ. ಇದನ್ನು ನೀನು ಇಟ್ಟುಕೋ" ಎಂದರು.

ಇಂದಿನ ಫೋನು ಒಂದು ಸಲ ಒತ್ತಿದರೆ ಒಂದೇ ಚಿತ್ರವನ್ನು ತೆಗೆಯುವುದಿಲ್ಲ. ಹಲವನ್ನು ತೆಗೆದು, ಕೂಡಿಸಿ, ಕಪ್ಪಾದ ಕಡೆ ಬೆಳಗಿಸಿ, ಬೆಳಗಿದ ಕಡೆ ತಗ್ಗಿಸಿ, ಚರ್ಮವನ್ನು ಚರ್ಮವೆಂದು ಗುರುತಿಸಿ ನಯಗೊಳಿಸಿ, ನಮ್ಮ ಮುಂದಿಡುತ್ತದೆ. ಅದರ ಫಲಕ ಚಿಕ್ಕದು. ಹಿಡಿದ ಬೆಳಕು ಸ್ವಲ್ಪ. ಆ ಕೊರತೆಯನ್ನು ಗಣಿತದಿಂದ ತುಂಬುವುದು ಅದಕ್ಕೆ ಅನಿವಾರ್ಯ, ಅದರ ಜಾಣ್ಮೆಯೂ ಶ್ಲಾಘ್ಯ. ಆದರೆ ತುಂಬುವಾಗ ಸಂಜೆ ಹೇಗಿರಬೇಕು, ಮುದುಕಿಯ ಕೆನ್ನೆ ಹೇಗಿರಬೇಕು ಎಂಬುದನ್ನು ಬೇರೆಲ್ಲಿಯೋ ಕುಳಿತವರು ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ದೊಡ್ಡ ಫಲಕವು ಬೆಳಕನ್ನು ಇದ್ದಷ್ಟು ಹಿಡಿದು, ಅದನ್ನು ಏನು ಮಾಡಬೇಕೆಂಬ ನಿರ್ಣಯವನ್ನು ನಮಗೆ ಬಿಡುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ನಯಗೊಳಿಸುವುದು ಹೊಸದೇನು? ನಮ್ಮ ತಾತಂದಿರ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಸಣ್ಣ ಮೊನೆಯ ಪೆನ್ಸಿಲಿನಿಂದ ತಿದ್ದಿ ಸುಕ್ಕುಗಳನ್ನು ಅಳಿಸುತ್ತಿರಲಿಲ್ಲವೇ? ಬಣ್ಣದ ಪರದೆಯ ಮೇಲಿನ ಸರೋವರದ ಮುಂದೆ, ಎಂದೂ ಸರೋವರವನ್ನು ಕಾಣದ ರೈತನನ್ನು ನಿಲ್ಲಿಸುತ್ತಿರಲಿಲ್ಲವೇ? ನಿಜ. ನಮ್ಮ ಅನೇಕ ಮನೆಗಳ ಗೋಡೆಯ ಮೇಲಿರುವ ಹಿರಿಯರು ಹೀಗೆ ತಿದ್ದಿಸಿಕೊಂಡವರೇ. ಆದರೆ ತಿದ್ದುವವನು ಅದೇ ಬೀದಿಯಲ್ಲಿದ್ದನು. ಕೆನ್ನೆಯ ಮಚ್ಚೆಯನ್ನು ಬಿಡು, ಹಣೆಯ ಗಾಯವನ್ನು ತೆಗೆ ಎಂದು ಅವನಿಗೆ ಹೇಳಬಹುದಾಗಿತ್ತು. ತಿದ್ದಿದ್ದಾರೆಂಬುದು ತಿದ್ದಿಸಿಕೊಂಡವರಿಗೆ ಗೊತ್ತಿತ್ತು. ಫೋನಿನೊಳಗಣ ತಿದ್ದುಗಾರನು ಕರೆಯದೆ ಬಂದು, ಹೇಳದೆ ಕೆಲಸ ಮುಗಿಸಿ ಹೋಗುತ್ತಾನೆ. ಕೆಲವು ಫೋನುಗಳಲ್ಲಿ ಅವನನ್ನು ಹೊರಗಿಡುವ ಏರ್ಪಾಡು ಇದೆ ಎಂಬುದನ್ನೂ ಹೇಳಬೇಕು. ಅದನ್ನು ಹುಡುಕಿ ಬಳಸುವವರು ವಿರಳ.

ಹಾಗೆಂದು ಈ ಕ್ಯಾಮರಾವು ಹರಿಶ್ಚಂದ್ರನೆಂದು ನಾನು ಹೇಳುವುದಿಲ್ಲ. ಬಣ್ಣಗಳನ್ನು ಕೂಡಿಸುವಲ್ಲಿ, ಅಂಚುಗಳನ್ನು ಹರಿತಮಾಡುವಲ್ಲಿ ಇದಕ್ಕೂ ತನ್ನದೇ ಒಲವುಗಳಿವೆ. ಅದರ ಜೊತೆಗೆ, 28 ಮಿಲಿಮೀಟರಿನ ಅಗಲನೋಟದಲ್ಲಿ ಒಂದು ಮುಖಕ್ಕೆ ತೀರ ಸಮೀಪಹೋದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುತ್ತವೆ. ಅದೂ ಒಂದು ಬಗೆಯ ಸುಳ್ಳೇ. ಅತ್ತೆಯವರನ್ನು ನಾನು ಕಿಟಕಿ, ಗೋಡೆ, ಬತ್ತಿಯ ತಟ್ಟೆಗಳೊಡನೆ, ಐದಾರು ಅಡಿಗಳಾಚೆಯಿಂದ ತೆಗೆದದ್ದು ಈ ಕಾರಣದಿಂದಲೇ. ಆದರೆ ಈ ಸುಳ್ಳುಗಳು ಕಾಣುವಂಥವು, ಕಲಿತು ತಪ್ಪಿಸಬಹುದಾದಂಥವು. ಬೆಳಕಿನ ಮೂಲ ಲೆಕ್ಕವನ್ನು ತಿದ್ದದೆ ಬರೆದಿಡುವ ರಾ ಎಂಬ ಕಡತವನ್ನೂ ಇದು ಕೊಡುತ್ತದೆ. ಹತ್ತು ವರ್ಷಗಳ ಮೇಲೆ ಕುಳಿತು, ಆ ಸಂಜೆ ಎಷ್ಟು ಮಬ್ಬಾಗಿತ್ತೆಂದು ನೆನಪಿಗೆ ಒಪ್ಪುವಂತೆ ಚಿತ್ರವನ್ನು ಮತ್ತೆ ಸಿದ್ಧಪಡಿಸಲು ಅದರಿಂದ ಸಾಧ್ಯವಾಗುತ್ತದೆ.

ಇದೇ ಅಂತಸ್ತಿನ ಇತರ ಯಂತ್ರಗಳ ಮಾತನ್ನೂ ಎರಡು ವಾಕ್ಯಗಳಲ್ಲಿ ಹೇಳುವುದು ಧರ್ಮ. ಮುಖ್ಯವಾಗಿ ಮನೆಯವರ ಮುಖಗಳೇ ಬೇಕೆನ್ನುವವರಿಗೆ, 2021ರಲ್ಲಿ ಬಂದ ಜಿ.ಆರ್. 3 ಎಕ್ಸ್ ಎಂಬ ಇದರ ಸೋದರಿಯು ಮೇಲು. ಅದರ ನೋಟವು 40 ಮಿಲಿಮೀಟರಿಗೆ ಸಮನಾಗಿದ್ದು ಮುಖವನ್ನು ವಿಕಾರಗೊಳಿಸುವುದಿಲ್ಲ. ದೂರವೂ ಹತ್ತಿರವೂ ಒಂದರಲ್ಲಿಯೇ ಬೇಕೆನ್ನುವ ಯಾತ್ರಿಕರಿಗೆ, 2019ರ ಸೋನಿ ಆರ್.ಎಕ್ಸ್. 100ರ ಏಳನೆಯ ಆವೃತ್ತಿಯು 24ರಿಂದ 200 ಮಿಲಿಮೀಟರಿನವರೆಗೆ ಚಾಚುತ್ತದೆ. ಫಲಕ ಮಾತ್ರ ಮೂರರಲ್ಲೊಂದು ಪಾಲಿನಷ್ಟು. ಕಿಂಡಿಗೆ ಕಣ್ಣಿಟ್ಟು ನೋಡಿದಲ್ಲದೆ ತೃಪ್ತಿಯಿಲ್ಲದವರಿಗೆ 2024ರ ಫ್ಯೂಜಿಫಿಲ್ಮ್ ಎಕ್ಸ್ 100ರ ಆರನೆಯದು ಇದೆ: 40 ಮೆಗಾಪಿಕ್ಸೆಲ್, ಎಫ್ 2ರ ಮಸೂರ, ಅಂದವಾದ ಒಡಲು, ಆದರೆ ತೂಕ 521 ಗ್ರಾಂ, ಬೆಲೆ ಹೊರಬಂದಾಗಲೇ 1,599 ಡಾಲರ್. ಅದು ಜೇಬಿನ ಕ್ಯಾಮರಾವಲ್ಲ, ಹೆಗಲಿನದು.

ಕೊಳ್ಳಬೇಕೆಂದಿರುವವರಿಗೆ ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ನಂಬತಕ್ಕ ಪರೀಕ್ಷೆಯೊಂದನ್ನು ಸೂಚಿಸುತ್ತೇನೆ. ಮಿತ್ರರಿಂದಲೋ, ಬಾಡಿಗೆಗೆ ಕೊಡುವವರಿಂದಲೋ ಕ್ಯಾಮರಾವನ್ನು ಒಂದು ವಾರದ ಮಟ್ಟಿಗೆ ತನ್ನಿರಿ. ಮನೆಯಲ್ಲಿ ಒಂದು ಕೋಣೆ, ಒಬ್ಬ ವ್ಯಕ್ತಿ, ಒಂದು ಸಂಜೆಯ ಹೊತ್ತು, ಇವನ್ನು ಗೊತ್ತುಮಾಡಿಕೊಳ್ಳಿರಿ. ಫೋನಿನಿಂದಲೂ ಕ್ಯಾಮರಾದಿಂದಲೂ ಪ್ರತಿದಿನ ಅದೇ ಚಿತ್ರವನ್ನು ತೆಗೆಯಿರಿ. ವಾರದ ಕೊನೆಯಲ್ಲಿ ಒಳ್ಳೆಯವೆರಡನ್ನು ಎಂಟು ಇಂಚು ಹನ್ನೆರಡು ಇಂಚಿನ ಕಾಗದದ ಮೇಲೆ ಅಚ್ಚುಹಾಕಿಸಿರಿ. ಫೋನಿನ ಪರದೆಯ ಮೇಲೆ ಹೋಲಿಸಬೇಡಿರಿ. ಅಲ್ಲಿ ಫೋನೇ ಗೆಲ್ಲುತ್ತದೆ, ಅದರ ಅಡಿಗೆ ಆ ಎಲೆಗೆಂದೇ ಮಾಡಿದ್ದು. ಕಾಗದದ ಮೇಲೆ ಎರಡನ್ನೂ ತೋಳಿನ ದೂರದಲ್ಲಿ ಹಿಡಿದು, ಮನೆಯವರೊಡನೆ ಕುಳಿತು ನೋಡಿರಿ. ವ್ಯತ್ಯಾಸ ಕಾಣಿಸದಿದ್ದರೆ ಹಣ ಉಳಿಯಿತು. ಅದು ಸೋಲಲ್ಲ, ಸುಖ. ವ್ಯತ್ಯಾಸ ಕಂಡು, ಫೋನಿನದೇ ಹಿತವೆನಿಸಿದರೆ ಆಗಲೂ ಕೊಳ್ಳಬೇಡಿರಿ. ವ್ಯತ್ಯಾಸ ಕಂಡು, ಮಬ್ಬು ಮಬ್ಬಾಗಿಯೂ ಸುಕ್ಕು ಸುಕ್ಕಾಗಿಯೂ ಇರುವ ಚಿತ್ರವನ್ನು ಕೆಳಗಿಡಲು ಮನಸ್ಸು ಬಾರದಿದ್ದರೆ ಮಾತ್ರ ಬೆಲೆಯ ಮಾತಿಗೆ ಬರಬಹುದು.

ಹಾಗೆ ಕೊಂಡವರು ಹಣದ ಒಂದು ಪಾಲನ್ನು ಅಚ್ಚುಹಾಕಿಸುವುದಕ್ಕಾಗಿ ತೆಗೆದಿರಿಸಬೇಕೆಂದು ನನ್ನ ಪ್ರಾರ್ಥನೆ. 6,000 ಚುಕ್ಕೆ ಉದ್ದ, 4,000 ಚುಕ್ಕೆ ಅಗಲದ ಚಿತ್ರವು ಇಂಚಿಗೆ 300 ಚುಕ್ಕೆಯಂತೆ ಇಪ್ಪತ್ತು ಇಂಚಿನ ಕಾಗದವನ್ನು ತುಂಬುತ್ತದೆ. ಅಷ್ಟು ಶಕ್ತಿಯ ಯಂತ್ರವನ್ನು ತಂದು ಅದರ ಫಲವನ್ನೆಲ್ಲ ಅಂಗೈ ಅಗಲದ ಪರದೆಯಲ್ಲಿ ನೋಡುವುದು, ಕೊಪ್ಪರಿಗೆಯಲ್ಲಿ ಹಿಡಿದ ನೀರನ್ನು ಉದ್ಧರಣೆಯಿಂದ ಕುಡಿದಂತೆ. ತಂಗಿಯ ಮಗನು ಬರುವ ತಿಂಗಳು ಊರಿಗೆ ಬರುತ್ತಾನೆ. ಅವನ ಕ್ಯಾಮರಾವನ್ನು ಅವನಿಗೆ ಒಪ್ಪಿಸುತ್ತೇನೆ. ಅತ್ತೆಯವರ ಚಿತ್ರವನ್ನು ಹನ್ನೆರಡು ಇಂಚಿಗೆ ಅಚ್ಚುಹಾಕಿಸಿ ಕಟ್ಟುಹಾಕಲು ಕೊಟ್ಟಿದ್ದೇನೆ. ಮನೆಯ ಖರ್ಚಿನ ಪುಸ್ತಕದಲ್ಲಿ, 40 ಮಿಲಿಮೀಟರಿನ ಆ ಸೋದರಿಯ ಹೆಸರಿನಲ್ಲಿ, ತಿಂಗಳಿಗೆ ಇಷ್ಟೆಂದು ಬರೆಯುವ ಒಂದು ಹೊಸ ಪುಟವನ್ನು ತೆರೆದಿದ್ದೇನೆ. ಮನೆಯಾಕೆ ಅದನ್ನು ನೋಡಿ ಇನ್ನೂ ಏನನ್ನೂ ಹೇಳಿಲ್ಲ.